ಕಪ್ಪು ಶಾಲಿನ ಮೇಲೊಂದು ಕಪ್ಪು ಎಳೆ

ಸೊಸೆ ಕನ್ನಡಕ ಮರೆತು ಹೋಗಿದ್ದಳು. ಕೊಟ್ಟು ಬರೋಣವೆಂದು ಅವಳ ಪ್ರಯೋಗಾಲಯಕ್ಕೆ ಹೋದೆ. ಊಟದ ನಂತರ ಪರೀಕ್ಷಕಿ ಬರುವವರಿದ್ದರು. ಅವರು ಒಪ್ಪಿದರಷ್ಟೇ ಇವಳಿಗೆ ಡಾಕ್ಟರೇಟ್.

“ಬನ್ನಿ ಅತ್ತೆ, ನನ್ನ ನೂಲು ನೋಡಿ.”

ಪುಟ್ಟ ಬಿಲ್ಲೆಯ ಮೇಲೆ, ಕಾದ ಒಲೆಯಲ್ಲಿ ಬೆಳೆಸಿದ ಇಂಗಾಲದ ಕೊಳವೆಗಳು ಹುಲ್ಲಿನಂತೆ ಒತ್ತಾಗಿ ನಿಂತಿರುತ್ತವಂತೆ. ಒಂದೊಂದೂ ಕೂದಲಿಗಿಂತ ಸಾವಿರಾರು ಪಟ್ಟು ಸಪೂರ. ಅಂಚು ಹಿಡಿದೆಳೆದರೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ, ಹೊಸೆದರೆ ನೂಲು. ಗೇಣುದ್ದದ ಆ ಎಳೆ ಪರೀಕ್ಷಕಿಯ ಮುಂದೆ ಭಾರವನ್ನೂ ಹೊರಬೇಕು, ವಿದ್ಯುತ್ತು ಹರಿಸಿ ದೀಪವನ್ನೂ ಹೊತ್ತಿಸಬೇಕು.

ನಾನು ಮೇಜಿಗೆ ಬಗ್ಗಿ ನೋಡಿ, ಏನೂ ಕಾಣದೆ ಹಿಂದೆ ಸರಿದೆ. ಸೊಸೆ ಕನ್ನಡಕ ಏರಿಸಿಕೊಂಡು ಬಗ್ಗಿದಳು.

“ಅಯ್ಯೋ, ಈಗ ಇಲ್ಲೇ ಇತ್ತು!”

“ಇನ್ನೊಂದು ಹೊಸೆದುಬಿಡಮ್ಮ.”

“ಒಲೆ ಕಾದು ತಣಿಯೋ ಹೊತ್ತಿಗೆ ಅವರು ಮನೆ ಸೇರಿರ್ತಾರೆ ಅತ್ತೆ!”

ಪಕ್ಕದ ಮೇಜಿನ ಸಹಪಾಠಿ ತನ್ನ ಕೆಲಸ ಬಿಟ್ಟು ನೆಲಕ್ಕೆ ಮಂಡಿಯೂರಿದ. ತುಂಬ ಎತ್ತರದವನು, ಇವಳ ಬಾಯಲ್ಲಿ ‘ಒಂಟೆ’. ಟಾರ್ಚು ಹಾಕಿ ಹುಡುಕಿದ. ಆದರೆ ಎಳೆ ಬೆಳಕನ್ನೇ ನುಂಗುವ ಕಪ್ಪು, ಮೇಜೂ ನೆಲವೂ ಕಪ್ಪು.

“ಒಂಟೆ, ನೀನು ಸೀನಿದ್ಯಾ?”

“ಬೆಳಗ್ಗೆಯಿಂದ ನಿಟ್ಟುಸಿರು ಬಿಡ್ತಿರೋದು ನೀನು ತಾಯಿ,” ಎಂದವನು ನನ್ನತ್ತ ತಿರುಗಿದ. “ಅಮ್ಮಾ, ಹಾಗೇ ನಿಂತಿರಿ. ನಿಮ್ಮ ಶಾಲು ಚೆನ್ನಾಗಿದೆ. ನಮ್ಮ ಎಳೆಗೂ ಇಷ್ಟ ಆಗಿರಬಹುದು.”

ನಾನು ಹೊದ್ದಿದ್ದುದು ಕಪ್ಪು ಉಣ್ಣೆಯ ಶಾಲು. ಮೇಜಿಗೆ ಬಗ್ಗಿದ್ದು ನೆನಪಾಯಿತು. ಅವನೋ ತಪ್ಪು ಯಾರದೆಂಬ ಮಾತನ್ನೇ ಎತ್ತದೆ ಮೀಟರು ತಂದ.

“ಉಣ್ಣೇಲಿ ಕರೆಂಟು ಹರಿಯಲ್ಲ, ಎಳೇಲಿ ಹರಿಯುತ್ತೆ. ಮುಳ್ಳು ಅಲ್ಲಾಡಿದ್ರೆ ಸಿಕ್ಕಿತು ಅಂತ.”

“ಅತ್ತೆಗೆ ಕರೆಂಟು ಕೊಟ್ಟ ಸೊಸೆ ಅಂತ ಹೆಸರು ಬರುತ್ತೆ ಕಣೋ!” ಅಳುವ ದನಿಯಲ್ಲೇ ನಕ್ಕಳು ಸೊಸೆ.

“ಸಣ್ಣ ಸೆಲ್ಲಿನದು. ಕಚಗುಳಿಯೂ ಆಗಲ್ಲ.”

ಮೀಟರಿನ ಎರಡು ಕಡ್ಡಿಗಳನ್ನು ಜೊತೆಯಾಗಿ ಹಿಡಿದು ಶಾಲಿನುದ್ದಕ್ಕೂ ಮೆಲ್ಲಗೆ ಮುಟ್ಟಿಸುತ್ತ ಬಂದ. ಭುಜ, ಎದೆ, ಸೆರಗಿನ ಪಕ್ಕ. ನಾನು ಉಸಿರನ್ನೂ ಬಿಗಿಹಿಡಿದೆ. ಕೊನೆಯ ಗೊಂಡೆಯ ಬಳಿ ಮುಳ್ಳು ಚಂಗನೆ ಜಿಗಿಯಿತು. ಸೊಸೆ ಚಿಮುಟದಿಂದ ಎಳೆಯನ್ನು ಎತ್ತಿಕೊಂಡಳು.

ಪರೀಕ್ಷಕಿ ಬಂದಾಗ ಭಾರಕ್ಕೆ ನನ್ನ ಸಣ್ಣ ಉಂಗುರವನ್ನೇ ಬಿಚ್ಚಿಕೊಟ್ಟೆ. ಎಳೆಯೇ ಕಾಣುತ್ತಿರಲಿಲ್ಲ, ಉಂಗುರ ಗಾಳಿಯಲ್ಲಿ ನಿಂತಂತಿತ್ತು. ಗುಂಡಿ ಒತ್ತಿದೊಡನೆ ಕಾಳಿನಷ್ಟು ದೀಪ ಹೊತ್ತಿತು. ಅವರು ಭೂತಗನ್ನಡಿ ಹಿಡಿದು ಹುಬ್ಬು ಗಂಟಿಕ್ಕಿದರು.

“ಇದೇನು, ಸುರುಳಿ ಸುರುಳಿಯಾಗಿ ಅಂಟಿಕೊಂಡಿರೋದು?”

“ಉಣ್ಣೆ, ಮೇಡಂ. ನಮ್ಮತ್ತೆ ಶಾಲಿಂದು.”

ಸೊಸೆ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಪರೀಕ್ಷಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಕಳೆದದ್ದನ್ನ ಹುಡುಕೋ ವಿಧಾನವನ್ನೂ ಪ್ರಬಂಧಕ್ಕೆ ಸೇರಿಸಿ, ಡಾಕ್ಟರ್.”

ಒಂಟೆ ಉಂಗುರ ಬಿಡಿಸಿ, ಅಂಗಿಯ ತೋಳಿಗೆ ಒರೆಸಿ, ನನ್ನ ಅಂಗೈಯಲ್ಲಿಟ್ಟ.