ಚಪ್ಪಲಿ ಮೀರಿದ ಹಿಮ್ಮಡಿ

ಒಂದು ಚಪ್ಪಲಿ ಮಗುಚಿ ಬಿದ್ದಿದೆ, ಅದರ ಮೇಲೆ ಇನ್ನೊಂದು, ಆಚೆಗೆ ಮತ್ತೆಷ್ಟೋ, ತಂಗಿ ಕೃಪಾಳ ಮನೆಯ ಬಾಗಿಲ ಮುಂದೆ ಕಾಲಿಡಲು ಜಾಗವಿಲ್ಲ, ಎಲ್ಲರೂ ಬಂದಾಯಿತು ಎಂದುಕೊಂಡ ದಯಾಮಣಿ ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಳು — ಜೋಗುಪಾಳ್ಯದ ಈ ಇಕ್ಕಟ್ಟು ಮಹಡಿ, ಕೆಳಗಿನ ಮನೆಯ ರಮಾಮಣಿಯವರ ಒಗ್ಗರಣೆ ವಾಸನೆ, ಒಳಗೆ ಸ್ತೋತ್ರಗೀತೆ, ಎಲ್ಲ ತನಗಾಗಿ, ಆಫ್ರಿಕಾದ ಮಿಷನ್ ಆಸ್ಪತ್ರೆಗೆ ನರ್ಸಾಗಿ ಹೋದವಳು ಜೀವಸಹಿತ ಬಂದಳಲ್ಲ ಅಂತ, ಕ್ರೈಸ್ತರನ್ನು ಹುಡುಕಿ ಆಸ್ಪತ್ರೆಗೆ ಬೆಂಕಿಯಿಟ್ಟವರ ಕೈಗೆ ಸಿಗಲಿಲ್ಲವಲ್ಲ ಅಂತ, ಅದಕ್ಕೆ ಸಾಕ್ಷಿ ಹೇಳಬೇಕಂತೆ ಅವಳು, ಬೆಳಗಿನಿಂದ ಕೃಪಾಳದ್ದು ಒಂದೇ ಪಾಠ, ದೇವರು ಕಾಪಾಡಿದ ಅನ್ನು ಸಾಕು ಅಕ್ಕಾ, ಆ ಮುಸ್ಲಿಂ ಹೆಂಗಸಿನ ಕತೆಯೆಲ್ಲ ಇವತ್ತು ಬೇಡ, ಜನ ಏನೇನೋ ಅಂದ್ಕೋತಾರೆ. ಅಂದುಕೊಳ್ಳುವುದಕ್ಕೆ ಏನಿದೆ, ಹಲೀಮಾ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದವಳು, ಬೆಂಕಿ ಹತ್ತಿದ ಮಧ್ಯಾಹ್ನ ದಯಾಮಣಿಯ ಕೈ ಹಿಡಿದು ದರದರ ಎಳೆದು ತನ್ನ ಮನೆಗೆ ಒಯ್ದವಳು, ಬೆನ್ನ ಹಿಂದೆ ಕೂಗು ಕೇಳುತ್ತಿದ್ದರೂ ದಯಾಮಣಿ ಮಾತ್ರ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಒಳಗೆ ಹೋದಳು, ಬಿಟ್ಟದ್ದು ಅವಳಿಗೇ ಗೊತ್ತಿಲ್ಲ, ಹಲಸೂರಿನಲ್ಲಿ ಹುಟ್ಟಿ ಅಮ್ಮನ ಕೈಲಿ ಬೈಸಿಕೊಂಡು ಬೆಳೆದ ಕಾಲು, ಪ್ರಾಣ ಹೋಗುವ ಹೊತ್ತಿನಲ್ಲೂ ಅದಕ್ಕೆ ಮರ್ಯಾದೆಯೇ ನೆನಪಾಗಬೇಕೆ.

ಬಾ ಅಕ್ಕಾ, ಅಯ್ಯನವರು ಕಾಯ್ತಿದ್ದಾರೆ, ಕೃಪಾ ಬಾಗಿಲಿಗೆ ಬಂದಳು, ದಯಾಮಣಿ ಚಪ್ಪಲಿ ಕಳಚಿ ಕೈಚೀಲಕ್ಕೆ ತುರುಕಿದಳು, ಮತ್ತೆ ಶುರುವಾಯ್ತಾ ನಿಂದು, ಇಲ್ಲಿ ಯಾರು ಕದೀತಾರೆ ಅದನ್ನ — ಊರಿಗೆ ಬಂದ ದಿನದಿಂದ ಹೀಗೇ, ಶಿವಾಜಿನಗರದ ಡಾಕ್ಟರ ಹತ್ತಿರ ಹೋದಾಗಲೂ ಹೀಗೇ, ನಗುವವರು ನಗಲಿ, ಬಾಗಿಲಾಚೆ ಬಿಟ್ಟರೆ ಯಾರೋ ಕೇಳುತ್ತಾರೆ, ಅವತ್ತು ಹಲೀಮಾಳ ಹೊಸ್ತಿಲಲ್ಲಿ ಕೇಳಿದ ಹಾಗೆ, ಯಾರದು ಇದು, ಇಂಥ ನೀಲಿ ರಬ್ಬರ್ ಚಪ್ಪಲಿ ಈ ಊರಲ್ಲಿ ಯಾರ ಕಾಲಲ್ಲೂ ನೋಡಿಲ್ಲ, ಯಾರನ್ನ ಒಳಗಿಟ್ಟಿದ್ದೀಯ, ಕಾಳಿನ ಮೂಟೆಗಳ ಹಿಂದೆ ಉಸಿರು ಬಿಗಿಹಿಡಿದು ಮಲಗಿದವಳಿಗೆ ಪರದೆಯ ಕೆಳಗೆ ಕಾಲುಗಳಷ್ಟೇ ಕಾಣುತ್ತಿದ್ದವು, ಹಲೀಮಾಳ ದನಿ ಒಂದಿಷ್ಟೂ ನಡುಗಲಿಲ್ಲ, ನಂದೇ, ಇನ್ಯಾರದು, ಆ ನರ್ಸು ಹೊಳೆ ಕಡೆ ಓಡಿದಳು, ಬನ್ನಿ ತೋರಿಸ್ತೀನಿ, ಅಂದವಳೇ ಆ ಚಪ್ಪಲಿಗೆ ಕಾಲು ತೂರಿಸಿ ಮುಂದೆ ನಡೆದುಬಿಟ್ಟಳು. ಸಂಜೆಯಾದರೂ ಬರಲಿಲ್ಲ, ಬರಿಗಾಲಲ್ಲೇ ದಯಾಮಣಿಯನ್ನು ಮಿಲಿಟರಿ ಲಾರಿಗೆ ಹತ್ತಿಸಿದಾಗಲೂ ಬಂದಿರಲಿಲ್ಲ, ಅವಳೇನಾದಳು ಅಂತ ಆಸ್ಪತ್ರೆಯ ಡ್ರೈವರನಿಗೆ ಕಳಿಸಿದ ಒಂದು ಮೆಸೇಜಿಗೂ ಉತ್ತರವಿಲ್ಲ.

ದಯಾಮಣಿಯಮ್ಮ, ಹೇಳಿ, ಯಾರು ಕಾಪಾಡಿದ್ದು ನಿಮ್ಮನ್ನ, ಸಭಾಪಾಲಕ ಮಧುಕರ್ ಅಯ್ಯನವರ ಮೆತ್ತನೆಯ ದನಿ, ಚಾಪೆಯ ಮೇಲೆ ಕೂತವರೆಲ್ಲರ ಬಾಯಲ್ಲಿ ಉತ್ತರ ಸಿದ್ಧವಾಗಿದೆ, ಹೇಳಿಬಿಟ್ಟರೆ ಮುಗಿಯಿತು, ಹೇಳಿದರೆ ಸುಳ್ಳೂ ಅಲ್ಲ, ಆದರೆ ಆ ದೇವರು ಹಲೀಮಾಳನ್ನು ಏನು ಮಾಡಿದ ಅಂತ ಕೇಳುವವರು ಇಲ್ಲಿ ಯಾರಿದ್ದಾರೆ, ಕೃಪಾ ಕಣ್ಣಲ್ಲೇ ಬೇಡುತ್ತಿದ್ದಾಳೆ, ಬೇಡ ಅಕ್ಕಾ, ದಯಾಮಣಿ ಚೀಲವನ್ನು ಎದೆಗೊತ್ತಿಕೊಂಡು ಎದ್ದಳು, ಹಲೀಮಾ ಅಂದಳು, ಹಲೀಮಾ ಅಂತ ಒಬ್ಬಳು — ಕಣ್ಣೆದುರು ಆ ಹೊಳೆಯ ದಾರಿ, ಬಿಸಿಲು, ಮರಳು, ದಯಾಮಣಿಯ ಚಪ್ಪಲಿ ಚಿಕ್ಕದು, ಹಲೀಮಾಳ ಪಾದ ದೊಡ್ಡದು, ಹಿಂದೆ ಹಿಂದೆಯೇ ಹೋಗುತ್ತಿದ್ದಾರೆ ಅವರು, ಕೆಳಗೆ ನೋಡದಿರಲಿ ದೇವರೇ, ನೋಡದಿರಲಿ, ಹೊರಗೇ ಉಳಿದಿದೆ, ನೀಲಿ ಚಪ್ಪಲಿ ಮೀರಿ, ಒಡಕು ಹಿಮ್ಮಡಿ, ಮರಳಿಗೆ ತಾಗುತ್ತಾ, ಹಿಮ್ಮಡಿ