ಲೆಕ್ಕದ ಮೇಡಂ ಹುಬ್ಬು

ಲೆಕ್ಕದ ಮೇಡಂಗೆ ಇಪ್ಪತ್ತೆರಡು ವರ್ಷದ ಅನುಭವ. ಅದರಲ್ಲಿ ಕೊನೆಯ ಎರಡು ವರ್ಷ ಅವರು ಪಾಠ ಮಾಡಿದ್ದಕ್ಕಿಂತ ಚುಕ್ಕೆ ಇಟ್ಟದ್ದೇ ಹೆಚ್ಚು. ಮಗುವಿಗೆ ಅರ್ಥವಾಗಿದ್ದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು. ಪ್ರತಿ ಪಾಠದ ಕೊನೆಗೆ ಒಂದು ಚೀಟಿ, ಚೀಟಿಯಲ್ಲಿ ಒಂದೇ ಪ್ರಶ್ನೆ. ಪ್ರಶ್ನೆಯ ಜೊತೆಗೆ ಉತ್ತರವೂ ಮೇಲಿನ ಕಚೇರಿಯಿಂದಲೇ ಬರುತ್ತಿತ್ತು. ಯೋಚನೆ ಮಾಡುವ ತೊಂದರೆ ಯಾರಿಗೂ ಆಗಬಾರದೆಂದು ಆ ಪುಣ್ಯಾತ್ಮರು ಅಷ್ಟು ಮುತುವರ್ಜಿ ವಹಿಸಿದ್ದರು. ಮೂರು ಕೆಂಪು ಬಿದ್ದ ಮಗು ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಬೇಕು. ಅಲ್ಲಿ ವರ್ಷವಿಡೀ ಮಗ್ಗಿ ಬರೆಸುತ್ತಾರೆ.

ಅಂದಿನ ಪ್ರಶ್ನೆ: ಒಂದು ಉದ್ದ ಹಗ್ಗವನ್ನು ಆರು ತುಂಡು ಮಾಡಲು ಎಷ್ಟು ಸಲ ಕತ್ತರಿಸಬೇಕು? ಕಚೇರಿಯ ಉತ್ತರ: ಆರು. ನಲವತ್ತು ಮಕ್ಕಳು ಆರು ಎಂದೇ ಬರೆದರು. ಬಟ್ಟೆ ಹೊಲಿಯುವವಳ ಮಗಳೊಬ್ಬಳು ಮಾತ್ರ ಐದು ಎಂದಳು. ಅವಳ ಲೆಕ್ಕದಲ್ಲಿ ಆಗಲೇ ಎರಡು ಕೆಂಪು ಬಿದ್ದಿದ್ದವು.

ಮೇಡಂ ಅವಳನ್ನು ಸ್ಟಾಫ್ ರೂಮಿಗೆ ಕರೆಸಿದರು.

"ಏನಮ್ಮ ಇದು? ಇಡೀ ಕ್ಲಾಸಿಗೆ ಬಂದದ್ದು ನಿನಗೊಬ್ಬಳಿಗೆ ಬರಲಿಲ್ವಾ?"

"ಐದೇ ಅಲ್ವಾ ಮೇಡಂ? ಮನೇಲಿ ಅಮ್ಮನಿಗೆ ಲಾಡಿ ಕತ್ತರಿಸಿ ಕೊಡೋದು ನಾನೇ."

ಮೇಜಿನ ಮೇಲೆ ಕಚೇರಿಯ ಉತ್ತರದ ಉದ್ದನೆ ಚೀಟಿ ಇತ್ತು, ಪಕ್ಕದಲ್ಲೇ ಕತ್ತರಿ. ಮೇಡಂ ಬೇಡ ಅನ್ನುವಷ್ಟರಲ್ಲಿ ಹುಡುಗಿ ಕಚಕಚ ಐದು ಸಲ ಕತ್ತರಿಸಿ ಆರು ತುಂಡು ಸಾಲಾಗಿ ಜೋಡಿಸಿದಳು.

"ಆರನೇ ಸಲ ಎಲ್ಲಿ ಕತ್ತರಿಸ್ಲಿ ಮೇಡಂ?"

ಮೇಡಂ ತುಂಡುಗಳನ್ನು ತಾವೇ ಎಣಿಸಿ ನೋಡಿದರು, ಆರೇ ಇದ್ದವು. ಹುಡುಗಿಯನ್ನು ಕಳಿಸಿ, ಉಳಿದ ನಲವತ್ತು ಚೀಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹನ್ನೊಂದು ಆರುಗಳ ಅಡಿಯಲ್ಲಿ ರಬ್ಬರಿನಿಂದ ಉಜ್ಜಿದ ಐದು ಕಾಣುತ್ತಿತ್ತು. ಆಗ ನೆನಪಾಯಿತು. ತಾನು ಬೆಂಚುಗಳ ನಡುವೆ ಓಡಾಡುವಾಗ ಈ ಹುಡುಗಿಯ ಹತ್ತಿರ ನಿಂತು, ಐದು ನೋಡಿ, ಹುಬ್ಬು ಏರಿಸಿದ್ದು. ಹುಬ್ಬು ಓದುವುದರಲ್ಲಿ ಇಡೀ ಕ್ಲಾಸು ಪಂಡಿತರು. ಇಪ್ಪತ್ತೆರಡು ವರ್ಷದಲ್ಲಿ ತಾನು ಚೆನ್ನಾಗಿ ಕಲಿಸಿದ್ದು ಅದೊಂದೇ ಇರಬೇಕು ಅನ್ನಿಸಿ, ಚೀಟಿಗಳನ್ನು ಹಿಡಿದುಕೊಂಡು ನೇರ ಹೆಡ್‌ಮಾಸ್ಟರ ಕೋಣೆಗೆ ಹೋದರು.

ಹೆಡ್‌ಮಾಸ್ಟರು ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡರು.

"ಕಚೇರಿ ಉತ್ತರ ತಪ್ಪು ಅಂದ್ರೆ ನಲವತ್ತು ಕೆಂಪು, ಒಂದು ಹಸಿರು. ಶಾಲೆ ಮಾನ ಏನಾಗ್ಬೇಕು ಮೇಡಂ?"

"ಆ ಮಗು ಕೆಳಗಿನ ಕೋಣೆಗೆ ಹೋಗುತ್ತೆ ಸರ್. ಸರಿ ಉತ್ತರ ಕೊಟ್ಟಿದ್ದು ಅದೊಂದೇ."

"ಛೆ ಛೆ, ನಾನೇನು ಕಟುಕನಾ? ನಾಳೆ ಅವಳಿಗೆ ಅದೇ ಚೀಟಿ ಇನ್ನೊಂದು ಸಲ ಕೊಡಿ. ಸರಿಯಾಗಿ ಬರೆದ್ರೆ ನಿಮ್ಮ ಕ್ಲಾಸಲ್ಲೇ ಇರ್ಲಿ."

"ಸರಿಯಾಗಿ ಅಂದ್ರೆ?"

"ಕಚೇರಿಯವರು ಹೇಳಿದ ಹಾಗೆ."

ಮೇಡಂ ಎದ್ದು ಬಂದರು. ಆದರೆ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡರು. ಹುಡುಗಿ ಐದು ಬರೆಯುತ್ತಾಳೆ, ತಾನು ಹಸಿರು ಇಡುತ್ತೇನೆ, ಆಮೇಲೆ ಏನಾಗುತ್ತೋ ಆಗಲಿ. ಮಾರನೆಯ ಬೆಳಿಗ್ಗೆ ಶಾಲೆಗೆ ಬರುವ ದಾರಿಯಲ್ಲಿ ಹೆಡ್‌ಮಾಸ್ಟರಿಗೆ ಕೊಡಬೇಕಾದ ಉತ್ತರವನ್ನು ಬಾಯಿಪಾಠ ಕೂಡ ಮಾಡಿದರು.

ಚೀಟಿ ಕೊಟ್ಟ ಮೇಲೆ, ಹುಬ್ಬಿನ ಮೇಲೆ ನಂಬಿಕೆಯಿಲ್ಲದೆ, ಕಪ್ಪುಹಲಗೆಯ ಕಡೆಗೇ ತಿರುಗಿ ನಿಂತರು. ಹುಡುಗಿ ಬೇಗನೆ ಬರೆದು ತಂದುಕೊಟ್ಟಳು. ಮುದ್ದಾದ ಅಕ್ಷರದಲ್ಲಿ ಆರು ಎಂದಿತ್ತು.

"ಯಾಕಮ್ಮ? ನಿನ್ನೆ ನೀನೇ ಕತ್ತರಿಸಿ ತೋರಿಸಿದ್ಯಲ್ಲ?"

"ಕತ್ತರಿಸೋಕೆ ಐದೇ ಮೇಡಂ. ಬರೆಯೋಕೆ ಆರು," ಎಂದಳು ಹುಡುಗಿ, ಮೇಡಂಗೇ ಪಾಠ ಹೇಳಿಕೊಡುವ ತಾಳ್ಮೆಯಿಂದ. "ನನಗೆ ಈಗ ಅರ್ಥ ಆಯ್ತು."

ಮನೆಯಿಂದ ಕಟ್ಟಿಕೊಂಡು ಬಂದ ಧೈರ್ಯಕ್ಕೆ ಕೆಲಸವೇ ಇರಲಿಲ್ಲ. ಮೇಡಂಗೆ ಅಳು ಬಂತು. ಹುಡುಗಿ ಇನ್ನೂ ಅವರ ಹುಬ್ಬನ್ನೇ ನೋಡುತ್ತಾ ನಿಂತಿದ್ದಳು. ಅವರು ಹಸಿರು ಪೆನ್ನು ತೆಗೆದುಕೊಂಡು 'ಅರ್ಥವಾಗಿದೆ' ಎಂಬ ಕಾಲಂನಲ್ಲಿ ನಲವತ್ತೊಂದನೆಯ ಚುಕ್ಕೆ ಇಟ್ಟರು.