ಸೃಷ್ಟಿಯನ್ನು ಎತ್ತಿಕೊಳ್ಳದ ದಿನಗಳು

ಇಂಗ್ಲೆಂಡಿನ ನಮ್ಮ ಶೆಫೀಲ್ಡ್ ಎಂದರೆ ಬರೀ ಏರು, ಇಳಿಜಾರು. ಟ್ರ್ಯಾಮ್ ಇಳಿದು ಮನೆ ಮುಟ್ಟುವಷ್ಟರಲ್ಲಿ ಯಾರಿಗಾದರೂ ಸೊಂಟ ಹಿಡಿಯುತ್ತದೆ. ಹಾಗಾಗಿ ಬೆನ್ನುನೋವು ಇಲ್ಲಿ ಯಾರಿಗೂ ದೊಡ್ಡ ಸುದ್ದಿಯಲ್ಲ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ನನ್ನ ಹೆಸರು ಶಿವಗಂಗಾ. ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮಿನಲ್ಲಿ ಕೆಲಸ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಕುರ್ಚಿಯಿಂದ ಜಾರುತ್ತಿದ್ದ ಅಜ್ಜಿಯೊಬ್ಬರನ್ನು ಬಗ್ಗಿ ಹಿಡಿದೆ. ಅಜ್ಜಿಗೆ ಏನೂ ಆಗಲಿಲ್ಲ. ನನಗೆ ಸೊಂಟದಿಂದ ಮೊಣಕಾಲಿನವರೆಗೆ ಕಾದ ತಂತಿ ಎಳೆದಂತಾಯಿತು.

ಅಂದಿನಿಂದ ನಾನು ನನ್ನ ಎರಡೂವರೆ ವರ್ಷದ ಮಗಳು ಸೃಷ್ಟಿಯನ್ನು ಎತ್ತಿಕೊಂಡಿಲ್ಲ.

ಮೊದಲೆಲ್ಲ ನಾನು ಪೂಜೆಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಸಾಕು, ಅವಳು ಬಂದು ತೊಡೆ ಏರುತ್ತಿದ್ದಳು. ನನ್ನ ಅಂಗೈಯಲ್ಲಿನ ಲಿಂಗವನ್ನು ಮಾತಿಲ್ಲದೆ ನೋಡುತ್ತಿದ್ದಳು. ಆಮೇಲೆ ವಿಭೂತಿಗೆ ಹಣೆ ಒಡ್ಡುತ್ತಿದ್ದಳು. ಬೆನ್ನು ಹಿಡಿದ ಮೇಲೆ ಅಡುಗೆಮನೆಯ ಕಟ್ಟೆಯ ಮುಂದೆ ನಿಂತೇ ಪೂಜೆ. ಅವಳು ಕೆಳಗಿನಿಂದ ಎರಡೂ ಕೈ ಮೇಲೆತ್ತಿ, "ಅವ್ವಾ, ಅಪ್!" ಎನ್ನುತ್ತಿದ್ದಳು. ಕೆಲವು ವಾರ ಕೇಳಿದಳು. ಒಂದು ದಿನ ಕೇಳುವುದನ್ನೇ ಬಿಟ್ಟಳು. ಆ ಸಂಕಟದಲ್ಲಿ ಅವತ್ತು ಬೆನ್ನಿನ ನೋವು ನನಗೆ ಮರೆತೇ ಹೋಗಿತ್ತು.

ಔಷಧಿ ಮಾಡಲಿಲ್ಲವೇ ಎಂದರೆ, ಮಾಡಿದೆ. ನಮ್ಮವರು ಮಾಡುವ ಹಾಗೆಯೇ ಮಾಡಿದೆ. ಇಲ್ಲಿನ ಕನ್ನಡಿಗರೆಲ್ಲ ಸೇರುವ ಯುಗಾದಿಯ ಊಟದಲ್ಲಿ, ತಟ್ಟೆ ಹಿಡಿದು ನಿಂತಿದ್ದ ಡಾಕ್ಟರ್ ಚಿದಾನಂದ ಅಣ್ಣನವರ ಪಕ್ಕ ಹೋಗಿ ಬೆನ್ನು ತಿರುಗಿಸಿ ತೋರಿಸಿದೆ. "ಸ್ವಲ್ಪ ರೆಸ್ಟ್ ತಗೊಳಮ್ಮ. ನಿಮ್ ಏರಿಯಾ ಡಾಕ್ಟ್ರು, ಜಿಪಿಗೂ ತೋರ್ಸು" ಎಂದರು. ಬಸವ ಜಯಂತಿಯ ಊಟದಲ್ಲಿ ಮತ್ತೆ ತೋರಿಸಿದೆ. ಮತ್ತೆ ಅದನ್ನೇ ಹೇಳಿದರು. ನಾನು ರೆಸ್ಟ್ ಎಂಬ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡೆ. ಮಲಗಿದೆ. ಊರಿಂದ ತಂದ ಮಾತ್ರೆ ನುಂಗಿದೆ. ಸೊಂಟಕ್ಕೆ ಬೆಲ್ಟ್ ಬಿಗಿದೆ. ಮೂರು ತಿಂಗಳು ಹೋಯಿತು.

ಜೂನ್‌ನಲ್ಲಿ ಒಂದು ಭಾನುವಾರ ಉಮಕ್ಕ ಮನೆಗೆ ಬಂದರು. ಮೈಸೂರಿನವರು. ನಮ್ಮ ಬಡಾವಣೆಯ ಜಿಪಿ ಸರ್ಜರಿಯಲ್ಲಿ, ಅಂದರೆ ಇಲ್ಲಿ ಯಾವ ಕಾಯಿಲೆಗೂ ಮೊದಲು ಹೋಗಬೇಕಾದ ದವಾಖಾನೆಯಲ್ಲಿ, ರಿಸೆಪ್ಷನಿಸ್ಟ್. ನಾನು ಗೋಡೆ ಹಿಡಿದು ಬಂದು ಬಾಗಿಲು ತೆರೆದದ್ದನ್ನು ನೋಡಿದರು.

"ಜಿಪಿ ಏನಂದ್ರು?"

"ಜಿಪಿ ಕಡೆ ಹೋಗಿಲ್ರಿ ಅಕ್ಕಾ. ಚಿದಾನಂದ ಅಣ್ಣಾರಿಗೆ ತೋರಿಸೀನಿ."

"ಅವ್ರು ಕಣ್ಣಿನ ಡಾಕ್ಟ್ರಲ್ವೇನೇ! ಬೆನ್ನಿಗೆ ಕನ್ನಡಕ ಬರ್ಕೊಟ್ರಾ?"

ನಗು ಬಂತು. ನಕ್ಕರೆ ಬೆನ್ನು ಹಿಡಿಯಿತು.

ನಮ್ಮ ಯಜಮಾನರು ಬಸವಪ್ರಭು ಚಹಾ ತಂದಿಟ್ಟರು. "ಇಲ್ಲಿ ಹೋದ್ರ ಏನ್ ಸಿಗತೈತ್ರಿ ಉಮಕ್ಕಾ? ವೇಟಿಂಗ್ ಲಿಸ್ಟ್! ಡಿಸೆಂಬರ್‌ದಾಗ ಹುಬ್ಬಳ್ಳಿಗೆ ಹೊಂಟೀವಿ. ಮುಂಜಾನೆ ಸ್ಕ್ಯಾನ್, ಸಂಜಿಕೆ ರಿಪೋರ್ಟ್."

"ಡಿಸೆಂಬರ್‌ವರೆಗೆ ಆರು ತಿಂಗಳು ಕಾಯ್ತೀರಿ, ಇಲ್ಲಿ ಎರಡು ತಿಂಗಳು ಕಾಯೋಕಾಗಲ್ವಾ? ಮಾರ್ಚ್‌ನಲ್ಲೇ ಫೋನ್ ಮಾಡಿದ್ರೆ ಇಷ್ಟೊತ್ತಿಗೆ ಇವಳ ಸರದಿ ಬಂದಿರೋದು. ಊಟದ ಹಾಲ್‌ನಲ್ಲಿ ಹೇಳ್ಕೊಂಡಿದ್ದು ಯಾವ ಫೈಲಿಗೂ ಹೋಗಲ್ಲ. ನಿಮ್ ಹೆಂಡ್ತಿಗೆ ಬೆನ್ನು ನೋವಿದೆ ಅಂತ ಈ ಊರಿನ ಯಾವ ಆಸ್ಪತ್ರೆಗೂ ಗೊತ್ತೇ ಇಲ್ಲ, ಬಸವಪ್ರಭು!"



ಉಮಕ್ಕ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು. "ಒಂದಕ್ಕೆ, ಎರಡಕ್ಕೆ ಹೋಗೋದ್ರಲ್ಲಿ ತೊಂದ್ರೆ ಇದೆಯಾ? ತೊಡೆ ಸಂದು ಜೋಮು ಹಿಡಿಯತ್ತಾ? ಎರಡೂ ಕಾಲು ಸೋಲತ್ತಾ?"

"ಏನೂ ಇಲ್ರಿ."

"ಸದ್ಯ. ಅದ್ರಲ್ಲಿ ಒಂದಿದ್ರೂ ಈ ಚಹಾ ಬಿಟ್ಟು ಎಮರ್ಜೆನ್ಸಿಗೆ ಹೊರಡಬೇಕಿತ್ತು. ನಾಳೆ ಬೆಳಿಗ್ಗೆ ಎಂಟಕ್ಕೆ ಜಿಪಿಗೆ ಫೋನ್ ಮಾಡು."

"ನೋವು ಹೆಂಗ್ ಹೇಳೂದ್ರಿ? ಚುಚ್ಚತೈತಿ, ಸೆಳಿತೈತಿ, ಜುಂ ಅಂತೈತಿ. ಇಂಗ್ಲಿಷಿನಾಗ ಎಲ್ಲಾದಕ್ಕೂ ಪೇನ್!"

"ಕನ್ನಡ ದುಭಾಷಿ ಬೇಕು ಅಂತ ಕೇಳು. ಫ್ರೀ."

ಮರುದಿನ ಫೋನ್ ಸಾಲಿನಲ್ಲಿ ನಾನು ಹತ್ತೊಂಬತ್ತನೆಯವಳು. ಕಾದೆ. ಜಿಪಿ ನೋಡಿದರು, ಫಿಸಿಯೋಥೆರಪಿಗೆ ಬರೆದರು. ಎಂಟು ವಾರ ಕಾದ ಮೇಲೆ ಕರೆ ಬಂತು.

ಎಲ್ಲಿ ನೋವು ಎಂದು ಕೇಳುತ್ತಾರೆ ಅಂದುಕೊಂಡು ಹೋದೆ. ಫಿಸಿಯೋಥೆರಪಿಸ್ಟ್ ಹುಡುಗಿ ಮೊದಲು ಕೇಳಿದ್ದೇ ಬೇರೆ. ಗುಣವಾದ ಮೇಲೆ ನಿಮಗೆ ಏನು ಮಾಡುವ ಆಸೆ? ಫೋನಿನಲ್ಲಿದ್ದ ದುಭಾಷಿ ಅದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ನಾನೆಂದೆ,

"ನೆಲದ ಮ್ಯಾಲೆ ಕುಂದರಬೇಕ್ರಿ. ಮಗಳು ತೊಡಿ ಮ್ಯಾಲೆ ಕುಂದರಬೇಕು."

ಅವಳು ಅದನ್ನು ಹಾಗೆಯೇ ಬರೆದುಕೊಂಡಳು. ನಂತರ ನನ್ನ ಬೆಲ್ಟ್ ಬಿಚ್ಚಿಸಿದಳು. ನಿಮ್ಮ ಬೆನ್ನಿಗೆ ಮಲಗುವುದು ಬೇಡ, ನಡೆಯಬೇಕು ಎಂದಳು. ಸ್ಕ್ಯಾನ್ ಬೇಕಾಗಲೇ ಇಲ್ಲ. ಮೊದಲ ವಾರ ಅಳುತ್ತಲೇ ವ್ಯಾಯಾಮ ಮಾಡಿದೆ. ಡ್ಯೂಟಿ ಮುಗಿಸಿ ಬಂದು, ಅಡುಗೆಗೆ ಮುಂಚೆ, ಸೋಫಾ ಹಿಡಿದು ಇವತ್ತಿಗೂ ಮಾಡುತ್ತೇನೆ.

ಈಗ ನವೆಂಬರ್. ಕಳೆದ ಸೋಮವಾರ ಚಾಪೆ ಹಾಸಿ, ಮೆಲ್ಲಗೆ ನೆಲಕ್ಕೆ ಇಳಿದೆ. ಸೃಷ್ಟಿ ಬಾಗಿಲ ಹತ್ತಿರವೇ ನಿಂತಿದ್ದಳು. ತೊಡೆ ತಟ್ಟಿ ಕರೆದೆ.

"ಹರ್ಟ್ಸ್, ಅವ್ವಾ?"

"ಇಲ್ಲವ್ವಾ. ಬಾ."

ಬಂದಳು. ತೊಡೆಯ ತುದಿಯಲ್ಲಿ, ಭಾರ ಬೀಳದ ಹಾಗೆ, ದೊಡ್ಡವಳಂತೆ ಕೂತಳು. ಪೂಜೆ ಮುಗಿಯುವ ಹೊತ್ತಿಗೆ ನನ್ನ ಎದೆಗೆ ಒರಗಿದ್ದಳು.

ಎತ್ತಿಕೊಳ್ಳಲು ಇನ್ನೂ ಕೆಲವು ವಾರ ಬೇಕಂತೆ. ಆ ದಿನಕ್ಕೆ ಕಾಯುತ್ತಿದ್ದೇನೆ. ಯಜಮಾನರು ತಮ್ಮ ಹಳೆಯ ಭುಜದ ನೋವಿಗೆ ತಾವೇ ಜಿಪಿಗೆ ಫೋನ್ ಮಾಡಿದ್ದಾರೆ.

ಅಕ್ಕಂದಿರೇ, ಅಣ್ಣಂದಿರೇ, ಊಟಕ್ಕೆ ಬಂದ ಡಾಕ್ಟರಿಗೆ ಊಟ ಮಾಡಲು ಬಿಡಿ. ನಿಮ್ಮ ನೋವನ್ನು ಜಿಪಿಗೆ ಹೇಳಿ, ಬರೆಸಿ. ಜಿಪಿಯನ್ನು ಕಾಣದೆ ನೇರವಾಗಿ ಫಿಸಿಯೋಗೆ ಹೆಸರು ಕೊಡುವ ಅನುಕೂಲ ಈ ದೇಶದ ಹಲವು ಊರುಗಳಲ್ಲಿದೆ, ನಿಮ್ಮಲ್ಲೂ ಇದೆಯೇ ಕೇಳಿ. ಉಮಕ್ಕ ನನ್ನನ್ನು ಕೇಳಿದ ಆ ಮೂರರಲ್ಲಿ ಒಂದು ಕಂಡರೂ ತಡಮಾಡದೆ ಎಮರ್ಜೆನ್ಸಿಗೆ ಹೋಗಿ. ಸರದಿ ತಡವಾಗಬಹುದು, ಆದರೆ ನೀವು ಹೆಸರು ಕೊಟ್ಟ ದಿನದಿಂದಲೇ ಅದು ಶುರು. ನಾಳೆ ಬೆಳಿಗ್ಗೆಯೇ ಫೋನ್ ಮಾಡಿ. ನಿಮ್ಮ ಮನೆಯ ಮಗು ಕೈ ಎತ್ತಿ ಕೇಳುವುದನ್ನು ಬಿಡುವ ಮೊದಲೇ ಮಾಡಿ.